ನೋಟಿನ ಮೇಲಿನ ರಥ, ಮನೆಯ ಮೇಲಿನ ಹೆಂಚು

ಐವತ್ತು ರೂಪಾಯಿಯ ನೋಟನ್ನು ಎಣಿಸುತ್ತೇವೆ, ಮಡಿಸುತ್ತೇವೆ, ಹೂ ಮಾರುವವಳ ಕೈಗಿಡುತ್ತೇವೆ. ನಿಂತು ನೋಡುವವರು ಕಡಿಮೆ. ಒಮ್ಮೆ ಹಿಂಬದಿ ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥ ಅಲ್ಲಿದೆ. 2017ರಿಂದ ಅದು ದೇಶದ ಕಿಸೆ ಕಿಸೆಗಳಲ್ಲಿ ಓಡಾಡುತ್ತಿದೆ. ಹೊಸಪೇಟೆ ಯಾವ ದಿಕ್ಕಿನಲ್ಲಿದೆಯೆಂದು ತಿಳಿಯದ ಅಸ್ಸಾಮಿನ ಚಹಾತೋಟದ ಕೂಲಿಯ ಸೆರಗಿನ ಗಂಟಿನಲ್ಲೂ ವಿಠ್ಠಲ ದೇವಾಲಯದ ಅಂಗಳದ ಒಂದು ತುಣುಕಿದೆ ಎಂದು ನೆನೆದರೆ ನನಗೆ ಮೈ ನವಿರೇಳುತ್ತದೆ.

ಆದರೆ ಆ ರಥ ಯಾವಾಗಲೂ ಹೀಗೇ ಇರಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ತೆಗೆದ ಛಾಯಾಚಿತ್ರಗಳು ಉಳಿದಿವೆ. ಅವುಗಳಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ಎದ್ದು ಕಾಣುತ್ತದೆ. ಆಮೇಲೆ ಅದನ್ನು ತೆಗೆದುಹಾಕಿದರು. ಮುಂದೆ ನಿಂತಿರುವ ಆನೆಗಳ ಜಾಗದಲ್ಲಿ ಮೊದಲು ಕುದುರೆಗಳಿದ್ದವೆಂದೂ, ಅವುಗಳ ಕಾಲಿನ ಗುರುತು ಹಿಂದೆ ಇನ್ನೂ ಕಾಣುತ್ತದೆಂದೂ ತಿಳಿದವರು ತೋರಿಸುತ್ತಾರೆ. ಎಂದರೆ ದೇಶ ತನ್ನ ಗುರುತೆಂದು ಅಚ್ಚು ಹಾಕಿಸಿಕೊಂಡ ರೂಪ, ಕಾಲ ಕೆತ್ತಿ, ಕಳಚಿ, ಸೇರಿಸಿ ಉಳಿಸಿದ ರೂಪ. ದೇಶದ ಗುರುತೂ ಹಾಗೆಯೇ ಕಟ್ಟಿಕೊಳ್ಳುತ್ತ, ಕಳಚಿಕೊಳ್ಳುತ್ತ ಬಂದದ್ದು ಎನ್ನುವುದು ನನ್ನ ನಂಬಿಕೆ. ಅದು ಭಾಷಣಗಳಿಗಿಂತ ಚೆನ್ನಾಗಿ ಕಾಣುವುದು ನೋಟು, ಬಾವುಟ, ಹೆಂಚು, ಸೋಪು, ಕೈಗಡಿಯಾರಗಳಲ್ಲಿ.

ನೋಟಿನ ಮಾತು ಬಂತಲ್ಲ, ಅದನ್ನೇ ಮುಂದುವರಿಸೋಣ. 1949ರಲ್ಲಿ ಸ್ವತಂತ್ರ ಭಾರತ ಒಂದು ರೂಪಾಯಿಯ ಹೊಸ ನೋಟು ತಂದಾಗ ದೊರೆ ಆರನೆಯ ಜಾರ್ಜರ ಮುಖ ಹೋಗಿ ಸಾರನಾಥದ ಸಿಂಹಗಳು ಬಂದವು. ದೊರೆಯ ಜಾಗಕ್ಕೆ ಗಾಂಧೀಜಿಯ ಚಿತ್ರವೇ ಬರಬೇಕೆಂದು ಮೊದಲು ಯೋಚಿಸಿದ್ದರು, ಮಾದರಿಗಳೂ ಸಿದ್ಧವಾಗಿದ್ದವು. ಕೊನೆಗೆ ಒಮ್ಮತ ಕೂಡಿಬಂದದ್ದು ಸಿಂಹಗಳ ಮೇಲೆ. 1954ರ ಸಾವಿರ ರೂಪಾಯಿಯ ನೋಟಿನಲ್ಲಿ ತಂಜಾವೂರಿನ ದೇವಾಲಯ ಕಾಣಿಸಿಕೊಂಡಿತು. ಆಮೇಲೆ ಬಂದದ್ದು ಅಣೆಕಟ್ಟು, ಉಪಗ್ರಹಗಳ ಕಾಲ. ನೂರರ ನೋಟಿನ ಮೇಲೆ ಹಿರಾಕುಡ್, ಐದರ ಮೇಲೆ ಟ್ರ್ಯಾಕ್ಟರ್ ಹೂಡಿದ ರೈತ, ಒಂದರ ಮೇಲೆ ಸಮುದ್ರದೊಳಗಿಂದ ಎಣ್ಣೆ ತೆಗೆಯುವ ಯಂತ್ರ, ಎರಡರ ಮೇಲೆ ಆರ್ಯಭಟ. ಆ ಆರ್ಯಭಟ ಉಪಗ್ರಹವನ್ನು ಉಡುಪಿಯ ಕಡೆಯ ಯು. ಆರ್. ರಾಯರ ನೇತೃತ್ವದಲ್ಲಿ ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. 1975ರಲ್ಲಿ ಅದು ಆಕಾಶಕ್ಕೇರಿತು. ಎರಡು ರೂಪಾಯಿಗೆ ಆಗ ಮಸಾಲೆದೋಸೆ ಬರುತ್ತಿದ್ದ ಊರಿನಲ್ಲೇ, ಎರಡು ರೂಪಾಯಿಯ ನೋಟಿನ ಮೇಲೆ ಬರುವಂಥ ಕೆಲಸವೂ ಆಗಿತ್ತು.

1996ರಿಂದ ಗಾಂಧೀಜಿಯ ಮುಖ ರಿಸರ್ವ್ ಬ್ಯಾಂಕಿನ ನೋಟುಗಳಿಗೆ ಕಾಯಂ ಆಯಿತು. 2016ರ ಬಳಿಕ ಬಂದ ಹೊಸ ಸಾಲಿನಲ್ಲಿ ಹಂಪಿ, ಸಾಂಚಿ, ಕೋನಾರ್ಕ, ಎಲ್ಲೋರ, ಪಾಟಣದ ರಾಣಿಯ ಬಾವಿ ಬಂದವು. ಎರಡು ಸಾವಿರದ ನೋಟಿನ ಮೇಲೆ ಮಂಗಳಯಾನ ಬಂದು ಹೋಯಿತು. ಒಂದು ಕಾಲದ ನೋಟುಗಳು “ನಾವು ಏನನ್ನು ಕಟ್ಟುತ್ತಿದ್ದೇವೆ ನೋಡಿ” ಎನ್ನುತ್ತಿದ್ದವು. ಇಂದಿನವು “ನಾವು ಎಂಥವರ ಮನೆಯಿಂದ ಬಂದವರು ನೋಡಿ” ಎನ್ನುತ್ತವೆ. ಎರಡೂ ಸತ್ಯವೇ, ಎರಡೂ ಬೇಕು. ಆದರೆ ಐದು ರೂಪಾಯಿಯ ನೋಟಿನಲ್ಲಿ ಒಬ್ಬ ರೈತ ಕೆಲಸ ಮಾಡುತ್ತಿದ್ದ. ಐವತ್ತರ ರಥದ ಬಳಿ ಯಾರೂ ಇಲ್ಲ. ಆ ಚಕ್ರಗಳನ್ನು ಕೆತ್ತಿದ ಕಲ್ಲುಕುಟಿಗ ಎಲ್ಲಿ ಹೋದ? ಈ ಪ್ರಶ್ನೆ ಹಿಡಿದುಕೊಂಡೇ ಮುಂದಿನ ಮಾತು ಆಡುತ್ತೇನೆ.

ಕೆಲಸದ ಕೈಗಳನ್ನು ದೇಶದ ಕಣ್ಣೆದುರು ತಂದು ನಿಲ್ಲಿಸಿದವರಲ್ಲಿ ಶಾಂತಿನಿಕೇತನದ ನಂದಲಾಲ್ ಬೋಸ್ ದೊಡ್ಡವರು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಹಳ್ಳಿಯಲ್ಲಿ ಅಧಿವೇಶನ, ಹಳ್ಳಿಗರು ಬರುತ್ತಾರೆ, ಅವರ ಕಣ್ಣಿಗೆ ತಮ್ಮದೆನಿಸುವ ಅಲಂಕಾರ ಬೇಕು ಎಂದು ಗಾಂಧೀಜಿ ನಂದಲಾಲರನ್ನು ಕರೆಸಿದರು. ಅವರು ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಲ್ಲಿ ಬರೆದರು. ಹತ್ತಿ ಹಿಂಜುವವನು, ಕಮ್ಮಾರ, ಬಡಗಿ, ಮಜ್ಜಿಗೆ ಕಡೆಯುವವಳು, ಡೋಲು ಬಡಿಯುವವನು. ಗೆರೆ ದಪ್ಪ, ಬೀಸು, ಪಟಚಿತ್ರದ ಕೈಚಳಕ. ಮಂಟಪದ ಕಂಬಗಳಿಗೆ, ದಾರಿಯ ಕಮಾನುಗಳಿಗೆ ಅವನ್ನು ತೂಗುಹಾಕಿದ್ದರು. ಸ್ವಾತಂತ್ರ್ಯ ಬರಲು ಇನ್ನೂ ಒಂಬತ್ತು ವರ್ಷವಿತ್ತು. ಆ ದೇಶ ಹೇಗಿರಬೇಕೆಂದು ಆ ಹಾಳೆಗಳು ಆಗಲೇ ಹೇಳಿಬಿಟ್ಟಿದ್ದವು. ದುಡಿಯುವವನೇ ಅದರ ಶೃಂಗಾರ.

ಇದೇ ನಂದಲಾಲರ ಕೈಗೆ, ಅವರ ಶಿಷ್ಯರ ಕೈಗೆ ಸಂವಿಧಾನದ ಮೂಲಪ್ರತಿಯ ಅಲಂಕಾರವೂ ಬಂತು. ಕಾನೂನಿನ ಪುಸ್ತಕಕ್ಕೆ ಚಿತ್ರ ಯಾಕೆ ಎಂದು ಕೇಳಬಹುದು. ಅದರಲ್ಲಿ ಇಪ್ಪತ್ತೆರಡು ಭಾಗಗಳಿವೆ. ಭಾಗಗಳ ತಲೆಯ ಮೇಲೆ ಒಂದೊಂದು ಚಿತ್ರ. ಮೊಹೆಂಜೊದಾರೊದ ಗೂಳಿಯ ಮುದ್ರೆಯಿಂದ ಹಿಡಿದು ರಾಮ ಸೀತೆ ಲಕ್ಷ್ಮಣರು, ಬುದ್ಧ, ಅಕ್ಬರ್, ಶಿವಾಜಿ, ಗುರು ಗೋವಿಂದಸಿಂಗ್, ಟಿಪ್ಪು ಮತ್ತು ಝಾನ್ಸಿಯ ರಾಣಿ, ದಂಡಿಗೆ ನಡೆವ ಗಾಂಧಿ, ಸುಭಾಷರವರೆಗೆ. ಆಮೇಲೆ ಹಿಮಾಲಯ, ಮರುಭೂಮಿ, ಕಡಲು. ಇವರಲ್ಲಿ ಕೆಲವರು ತಮ್ಮ ಕಾಲದಲ್ಲಿ ಒಬ್ಬರನ್ನೊಬ್ಬರು ಒಪ್ಪುತ್ತಿರಲಿಲ್ಲ. ಆ ಪುಸ್ತಕದಲ್ಲಿ ಎಲ್ಲರೂ ಒಂದೇ ಹೊಲಿಗೆಯಲ್ಲಿದ್ದಾರೆ. ಹೊಸ ದೇಶವೊಂದು ತನ್ನ ಹಿರಿಯರ ಪಟ್ಟಿ ಬರೆದ ಪರಿ ಅದು. ನನಗೆ ಅದರ ಧೈರ್ಯ ಇಷ್ಟ. ಇಡೀ ಸಂವಿಧಾನವನ್ನು ಇಂಗ್ಲಿಷಿನಲ್ಲಿ ಕೈಬರಹದಲ್ಲಿ ಇಳಿಸಿದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಸಂಭಾವನೆ ಬೇಡ, ಪುಟಗಳ ಮೇಲೆ ನನ್ನ ಹೆಸರಿರಲಿ ಎಂದು ಅವರು ಕೇಳಿಕೊಂಡರಂತೆ. ಮಾಡಿದವನ ಹೆಸರು ಮಾಡಿದ ವಸ್ತುವಿನ ಮೇಲೆ ಉಳಿಯುವುದು ನಮ್ಮಲ್ಲಿ ಎಷ್ಟು ಅಪರೂಪ! ನಮ್ಮ ಹೊಯ್ಸಳ ಶಿಲ್ಪಿಗಳು ವಿಗ್ರಹದ ಪೀಠದ ಮೇಲೆ ಹೆಸರು ಕೊರೆದ ನಾಡಿದು. ಮಲ್ಲಿತಮ್ಮನ ಹೆಸರನ್ನು ಇವತ್ತಿಗೂ ಕಲ್ಲೇ ಹೇಳುತ್ತದೆ. ಮುಂದೆ ಆ ರೂಢಿ ಹೇಗೋ ತಪ್ಪಿಹೋಯಿತು.

ಬಾವುಟದ ಕಡೆ ಬರೋಣ. 1947ರ ಜುಲೈ 22ರಂದು ಸಂವಿಧಾನ ಸಭೆ ಬಾವುಟವನ್ನು ಒಪ್ಪಿಕೊಂಡಾಗ ಚರಕ ಹೋಗಿ ಅಶೋಕನ ಚಕ್ರ ಬಂತು. ಇದಕ್ಕೆ ತತ್ತ್ವದ ಕಾರಣ ಎಷ್ಟೋ ಇದ್ದವು, ಆದರೆ ನೆಹರೂ ಅಂದು ಸಭೆಯಲ್ಲಿ ಕೊಟ್ಟ ಒಂದು ಕಾರಣ ಶುದ್ಧ ವಿನ್ಯಾಸಕಾರನದು. ಚರಕಕ್ಕೆ ಒಂದು ತುದಿಯಲ್ಲಿ ಗಾಲಿ, ಇನ್ನೊಂದರಲ್ಲಿ ಕದಿರು. ಬಾವುಟದ ಈ ಬದಿಯಿಂದ ನೋಡಿದ್ದು ಆ ಬದಿಯಿಂದ ತಿರುವುಮುರುವಾಗುತ್ತದೆ. ಚಕ್ರ ಎರಡೂ ಕಡೆಯಿಂದ ಒಂದೇ. ಒಂದು ಮಹಾಭಾವನೆಯ ಸಂಕೇತ ಗಾಳಿಯಲ್ಲಿ ಹಾರುವಾಗ ಹೇಗೆ ಕಾಣುತ್ತದೆ ಎಂದು ಯೋಚಿಸುವುದೂ ದೇಶ ಕಟ್ಟುವ ಕೆಲಸವೇ.

ಚರಕ ಬಾವುಟದ ಮೇಲಿಂದ ಇಳಿಯಿತು, ಆದರೆ ಬಾವುಟದ ನೂಲಿನೊಳಗೆ ಉಳಿಯಿತು. ಸ್ವತಂತ್ರ ಭಾರತ ತನ್ನ ವಸ್ತುಗಳಿಗೆ ಗುಣಮಟ್ಟದ ನಿಯಮ ಬರೆಯಲು ಕುಳಿತಾಗ ಒಂದನೆಯ ನಂಬರಿನ ಮಾನಕವನ್ನು ಕೊಟ್ಟಿದ್ದು ರಾಷ್ಟ್ರಧ್ವಜಕ್ಕೆ. ಉದ್ದ ಅಗಲ 3:2, ಚಕ್ರಕ್ಕೆ 24 ಅರ, ಒಂಬತ್ತು ಅಳತೆಗಳು. ಬಣ್ಣ ಎಷ್ಟು ಗಾಢ, ನೂಲು ಎಷ್ಟು ಬಲ, ಹೊಲಿಗೆ ಹೇಗೆ, ಎಲ್ಲಕ್ಕೂ ಲೆಕ್ಕ. ಆ ಲೆಕ್ಕಕ್ಕೆ ಸರಿಹೊಂದುವ ಖಾದಿ ಧ್ವಜಗಳನ್ನು ಹೊಲಿಯುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಧಾರವಾಡದ ಗರಗದ ಖಾದಿ ಧ್ವಜದ ಬಟ್ಟೆಗೆಂದೇ ಹೆಸರು ಪಡೆದಿದೆ. ನೂಲುವವರು, ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. ಚಕ್ರ ಎರಡೂ ಬದಿಯಲ್ಲಿ ಒಂದರ ಬೆನ್ನಿಗೊಂದು ಕೂದಲೆಳೆ ತಪ್ಪದೆ ಕೂರಬೇಕು. ದೆಹಲಿಯಲ್ಲಿ ಬಾವುಟ ಏರಿದಾಗ ಟಿವಿಯ ಮುಂದೆ ಎದ್ದು ನಿಲ್ಲುತ್ತೇವಲ್ಲ, ಬೆಂಗೇರಿಯ ಒಬ್ಬ ತಾಯಿಯ ಬೆರಳುಗಳಿಗೂ ಸಲ್ಲಬೇಕಾದ ಗೌರವ ಅದು.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ, ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ಮನೆಮನೆಯ ಮೇಲೆ ತಿರಂಗ ಹಾರಿತು. ಸಾಮಾನ್ಯನ ಮನೆಗೂ ಬಾವುಟ ಅಗ್ಗವಾಗಿ ಬರಲಿ ಎನ್ನುವ ಆಸೆ ಒಳ್ಳೆಯದೇ. ಹುಬ್ಬಳ್ಳಿಯ ಖಾದಿ ಕೆಲಸಗಾರರು ಬೀದಿಗಿಳಿದು ಪ್ರತಿಭಟಿಸಿದರು. ಅವರ ನೋವೂ ನಿಜ. ನನ್ನ ಮನಸ್ಸು ಅವರ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬೇರೆ ಯಾವ ಬಟ್ಟೆಯಾದರೂ ಬದಲಾಗಲಿ, ಈ ಒಂದು ಬಟ್ಟೆಯಲ್ಲಿ ಬಣ್ಣದಷ್ಟೇ ನೂಲೂ ಅರ್ಥ ಹೇಳುತ್ತಿತ್ತು.

ಹಾಗಂದರೆ ಹಳೆಯದೆಲ್ಲ ನಮ್ಮದು, ಹೊರಗಿನಿಂದ ಬಂದದ್ದೆಲ್ಲ ಪರಕೀಯ ಎನ್ನುತ್ತೇನೆಂದು ತಿಳಿಯಬೇಡಿ. ಮಂಗಳೂರು ಹೆಂಚನ್ನೇ ನೋಡಿ. ಕರಾವಳಿಯ, ಮಲೆನಾಡಿನ ಮನೆಯ ಚಿತ್ರ ಬರೆಯೆಂದರೆ ಯಾವ ಮಗುವೂ ಕೆಂಪು ಹೆಂಚಿನ ಇಳಿಜಾರು ಮಾಡನ್ನೇ ಬರೆಯುತ್ತದೆ. ಆ ಹೆಂಚಿಗೆ ವಯಸ್ಸು ಬಹಳವಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಹಾಕಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ಮಾದರಿ ಯುರೋಪಿನದು. ಜೇಡಿಮಣ್ಣು ನೇತ್ರಾವತಿಯ ದಡದ್ದು. ತುಳಿದು, ಅಚ್ಚೊತ್ತಿ, ಸುಟ್ಟ ಕೈಗಳು ತುಳುನಾಡಿನವು. ಆಷಾಢದ ಮಳೆಗೆ ಹುಲ್ಲಿನ ಮಾಡು ಸೋರುತ್ತಿದ್ದ ಕಡೆ ಈ ಹೆಂಚು ನೀರನ್ನು ಜಾರಿಸಿ ಕಳಿಸಿತು, ಒಡೆದದ್ದೊಂದನ್ನು ತೆಗೆದು ಇನ್ನೊಂದು ಕೂರಿಸುವುದೂ ಸಲೀಸಾಯಿತು. ಸ್ಥಳೀಯರೂ ಕಾರ್ಖಾನೆ ತೆರೆದರು. ಹಡಗೇರಿ ಸಿಲೋನಿಗೆ, ಪೂರ್ವ ಆಫ್ರಿಕಕ್ಕೆ ಹೋದಾಗ ಅದರ ಹೆಸರು ಮಂಗಳೂರು ಹೆಂಚು. ನಾಲ್ಕು ತಲೆಮಾರಿನಲ್ಲಿ ಅದು ನಮ್ಮ ಪರಂಪರೆಯೇ ಆಗಿಹೋಯಿತು. ಇಂದು ಕಾಂಕ್ರೀಟ್ ಮನೆ ಕಟ್ಟಿಸಿದವರು ಕೂಡ ಊರ ಸೊಗಡು ಇರಲೆಂದು ತಾರಸಿಯ ಮೇಲೊಂದು ಹೆಂಚಿನ ಮಾಡು ಹಾಕಿಸುತ್ತಾರೆ.

ಬೀದರಿನ ಬಿದರಿಯೂ ಹೀಗೆಯೇ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನ ಕಸುಬು, ಇರಾನಿನ ಬಳ್ಳಿಹೂಗಳು ದಖ್ಖನಿಗೆ ಬಂದವು. ಸತು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಯಲ್ಲಿ ಬೀದರ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಪಾತ್ರೆಯನ್ನು ಅದರಲ್ಲಿ ಅದ್ದಿದರೆ ಲೋಹ ಕಾರ್ಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಳೆ ಬಿಸಿಲು ತಾಗದೆ ಕೋಟೆಯೊಳಗೆ ನೂರಾರು ವರ್ಷ ಕೂತ ಮಣ್ಣೇ ಆಗಬೇಕು ಎನ್ನುತ್ತಾರೆ ಕಸುಬಿನವರು. ನಾಲಿಗೆಗೆ ಮುಟ್ಟಿಸಿ ಮಣ್ಣಿನ ಗುಣ ಹೇಳುವ ಹಿರಿಯರು ಅವರಲ್ಲಿದ್ದಾರೆ. ವಿನ್ಯಾಸ ಇರಾನಿನಿಂದ ಬಂದಿರಬಹುದು, ಕಪ್ಪು ಮಾತ್ರ ಬೀದರಿನದೇ. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಇಡೀ ಕರ್ನಾಟಕ ನಮ್ಮವರೆಂದು ಹಿಗ್ಗಿತು. ಹಾಗೆ ಹಿಗ್ಗುವುದು ಸರಿ. ಒಂದು ವಸ್ತು ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಅದರಲ್ಲಿ ಇಲ್ಲಿಯ ಮಣ್ಣು, ಇಲ್ಲಿಯ ಕೈ ಎಷ್ಟು ಬೆರೆತಿದೆ ಎಂಬುದರಿಂದ ಅದು ನಮ್ಮದಾಗುತ್ತದೆ.

ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿ ಎರಡು ಕಟ್ಟಡಗಳು ಎದುರುಬದುರು ನಿಂತಿವೆ. ಒಂದು 1868ರ ಅಠಾರಾ ಕಚೇರಿ, ಗ್ರೀಕ್ ರೋಮನ್ ಮಾದರಿಯ ಕಂಬಗಳ ಕೆಂಪು ಕಟ್ಟಡ, ಈಗ ಹೈಕೋರ್ಟು. ಇನ್ನೊಂದು ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅದಕ್ಕೆ ಶಿಲಾನ್ಯಾಸ ಮಾಡಿದರು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಮೊದಲಿನ ಸಾದಾ ನಕ್ಷೆ ಬದಿಗಿಟ್ಟು ಗೋಪುರ, ಕಮಲ, ದ್ರಾವಿಡ ಕಂಬಗಳ ಗ್ರಾನೈಟ್ ಸೌಧವನ್ನೇ ಎಬ್ಬಿಸಿದರು. ಅದು 1956ರಲ್ಲಿ ಮುಗಿಯಿತು, ಕನ್ನಡ ನಾಡುಗಳು ಒಂದಾದ ವರ್ಷವೇ. ಅದೇ ದಶಕದಲ್ಲಿ ಅದೇ ನೆಹರೂ ಬೆಂಬಲದಿಂದ ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಯಾವ ಅಲಂಕಾರವೂ ಇಲ್ಲದ ಬೋಳು ಕಾಂಕ್ರೀಟಿನಲ್ಲಿ ಹೊಸ ಭಾರತವನ್ನು ಬರೆಯುತ್ತಿದ್ದರು. ಒಂದು ದೇಶ, ಒಂದು ಕಾಲ, ಎರಡು ಮುಖ. ಯಾವುದು ಸರಿಯೆಂಬ ಜಗಳ ವಾಸ್ತುಶಿಲ್ಪಿಗಳದು. ಆ ವಯಸ್ಸಿನಲ್ಲಿ ದೇಶಕ್ಕೆ ಎರಡೂ ಕನಸು ಬಿದ್ದವೆಂಬುದೇ ನನಗೆ ಮುದ್ದಾಗಿ ಕಾಣುತ್ತದೆ.

ಸೌಧದಿಂದ ಬಚ್ಚಲುಮನೆಗೆ ಬರೋಣ. 1914ರ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಗಂಧದ ತುಂಡು ರಾಶಿ ಬಿದ್ದವು. ಮರ ಮಾರುವ ಬದಲು ಎಣ್ಣೆಯನ್ನೇ ಯಾಕೆ ತೆಗೆಯಬಾರದು ಎಂದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಕಾರ್ಖಾನೆ ತೆರೆಯಿತು. ಆ ಎಣ್ಣೆ ಬೆರೆಸಿದ ಸೋಪು ಮಾಡುವ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. ಬಂದ ಸೋಪು ಮೊಟ್ಟೆಯಾಕಾರದ್ದು, ಒಡವೆಯ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಕೂತದ್ದು, ಮೇಲೆ ಸಿಂಹದ ಮೈ ಆನೆಯ ತಲೆಯ ಶರಭ. ಯುದ್ಧದಿಂದ ಕೆಟ್ಟ ವ್ಯಾಪಾರವೊಂದು ಹೀಗೆ ನಾಡಿನ ಪರಿಮಳವಾಯಿತು. ಹೊರನಾಡಿನ ಕನ್ನಡಿಗರ ಪೆಟ್ಟಿಗೆಯಲ್ಲಿ ಇವತ್ತಿಗೂ ಒಂದು ಡಬ್ಬಿ ಹೋಗುತ್ತದೆ. ಪರದೇಶದ ಬಚ್ಚಲಲ್ಲಿ ಅದನ್ನು ಬಿಚ್ಚಿದರೆ ಮೈಸೂರೇ ಬಂದ ಹಾಗಾಗುತ್ತದೆ ಎನ್ನುತ್ತಾರೆ ಅವರು.

ಕೈಗಡಿಯಾರದ ಕಥೆಯೂ ಬೆಂಗಳೂರಿನದೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಗಡಿಯಾರ ಮಾಡತೊಡಗಿತು. ಎಷ್ಟು ಮದುವೆಗಳಲ್ಲಿ ಅಳಿಯನ ಕೈಗೆ ಮಾವ ಕಟ್ಟಿದ್ದು ಎಚ್‌ಎಂಟಿ! ಬಿಳಿ ಮುಖ, ತೆಳು ಮುಳ್ಳು, ಕೀಲಿ ಕೊಡಬೇಕು. ಯಾವ ಆಡಂಬರವೂ ಇಲ್ಲ. ಒಂದು ಮಾದರಿಯ ಹೆಸರೇ ಜನತಾ. ಅದೇ ಕಾಲದಲ್ಲಿ ದೇಶ ಹೊರಗಿನವರಿಗೆ ತೋರಿಸುತ್ತಿದ್ದ ಮುಖ ಬೇರೆ. ಏರ್ ಇಂಡಿಯಾದ ಮಹಾರಾಜ ದೊಡ್ಡ ಮೀಸೆ, ಪಗಡಿ ಹೊತ್ತು ಜಗತ್ತಿಗೆ ಬಾಗುತ್ತಿದ್ದ. 1967ರಲ್ಲಿ ಆ ಸಂಸ್ಥೆ ಚಿತ್ರಕಾರ ಸಾಲ್ವಡೋರ್ ಡಾಲಿಯಿಂದ ಬೂದಿಬಟ್ಟಲು ವಿನ್ಯಾಸ ಮಾಡಿಸಿತು: ಚಿಪ್ಪಿನಾಕಾರದ ಬಟ್ಟಲು, ಅಂಚಿಗೆ ಸುತ್ತಿದ ಹಾವು, ತಲೆಕೆಳಗಾದರೆ ಆನೆಯಾಗುವ ಹಂಸ. ಕೂಲಿಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿ. ಅದು ಹೊರಟದ್ದು ಬೆಂಗಳೂರಿನಿಂದ, ವಿಮಾನದಲ್ಲಿ ಜಿನೀವಾಕ್ಕೆ, ಅಲ್ಲಿಂದ ಸ್ಪೇನಿನ ಕಡಲೂರಿಗೆ. ತಾಯಿಯಿಲ್ಲದ ಆ ಮರಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆನೆ, ರಾಜ, ಹಾವು ಹೊರಗಿನವರ ಕಣ್ಣಿಗೆ. ಜನತಾ ಗಡಿಯಾರ ಮನೆಯವರ ಕೈಗೆ. ಮುಂದೆ 1984ರಲ್ಲಿ ಟೈಟನ್ ಹುಟ್ಟಿತು, ಬಂಗಾರದ ಅಂಚು, ಸಂಗೀತದ ಜಾಹೀರಾತು ಬಂದವು. ದೇಶ ಸಮಯ ತಿಳಿಯುವುದಕ್ಕಷ್ಟೇ ಗಡಿಯಾರ ಕಟ್ಟುವುದನ್ನು ಬಿಟ್ಟಿತು. 2016ರಲ್ಲಿ ಸರ್ಕಾರ ಎಚ್‌ಎಂಟಿ ಗಡಿಯಾರದ ಬಾಗಿಲು ಮುಚ್ಚಲು ತೀರ್ಮಾನಿಸಿತು. ಈಗ ಎಳೆಯರು ಅಜ್ಜನ ಎಚ್‌ಎಂಟಿ ಹುಡುಕಿ ರಿಪೇರಿ ಮಾಡಿಸಿ ಕಟ್ಟಿಕೊಳ್ಳುತ್ತಿದ್ದಾರೆ, ಸಂತೋಷ.

ಇಷ್ಟೆಲ್ಲದರ ನಡುವೆ, ಕಲ್ಲುಕುಟಿಗ ಎಲ್ಲಿ ಹೋದ ಎಂದು ನಿಜವಾಗಿ ಹುಡುಕಿ ಹೊರಟವರು ಒಬ್ಬರಿದ್ದರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು, ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಕುರ್ಚಿ ಬಿಟ್ಟು ಕುಶಲಕರ್ಮಿಗಳ ಕೇರಿಗೆ ನಡೆದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿದಾಗ ಅದರ ಅಧ್ಯಕ್ಷರಾದರು. ನೇಕಾರ, ಕುಂಬಾರ, ಬಿದರಿಯವನಿಗೆ ಮಾರುಕಟ್ಟೆ ಬೇಕು, ಮರ್ಯಾದೆಯೂ ಬೇಕು, ಕುಶಲಕರ್ಮಿಗೂ ರಾಷ್ಟ್ರಪ್ರಶಸ್ತಿ ಸಲ್ಲಬೇಕು ಎಂಬುದು ಅವರ ಹಟ. ಆ ದಶಕದಲ್ಲೇ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕಾರ ದಂಪತಿಯನ್ನು ಸರ್ಕಾರ ಕರೆಸಿತು. 1958ರ ತಮ್ಮ ವರದಿಯಲ್ಲಿ ಅವರು ಮನಸೋತು ಬರೆದದ್ದು ನಮ್ಮ ತಂಬಿಗೆಯ ಬಗ್ಗೆ: ಅದರ ತೂಕ, ಬಾಯಿಯ ಅಗಲ, ಸೊಂಟದ ಮೇಲೆ ಹೊರುವಾಗಿನ ಹದ, ಸುರಿಯುವಾಗಿನ ಧಾರೆ. ಅದನ್ನು ಒಬ್ಬನೇ ವಿನ್ಯಾಸ ಮಾಡಿದ್ದಲ್ಲ, ತಲೆಮಾರುಗಳು ತಿದ್ದಿ ತೀಡಿದ್ದು ಎಂದು ಅವರಿಗೆ ಹೊಳೆದಿತ್ತು. ಆ ವರದಿಯ ಹಿಂದೆಯೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು.

ಇಂದು ನಾಡು ನುಡಿಯ ಗುರುತು ಅಲಂಕಾರವಾಗಿ ಎಲ್ಲೆಲ್ಲೂ ಕಾಣುತ್ತದೆ. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನಲ್ಲಿ ಬಿದಿರಿನ ಚಾವಣಿ, ಒಳಗೇ ತೋಟ. ಕಾಲಿಟ್ಟರೆ ಕಣ್ಣು ತಂಪಾಗುತ್ತದೆ. ಹೋಟೆಲಿನ ಗೋಡೆಗೆ ಕಸೂತಿಯ ಗೋಪುರ, ಮಕ್ಕಳ ಕೋಣೆಗೆ ಚನ್ನಪಟ್ಟಣದ ಆಟಿಕೆ, ಮೊಬೈಲಿನ ಕವಚಕ್ಕೂ ಇಳಕಲ್ಲಿನ ತೋಪು ತೆನೆ. ನಾವು ನಾವೇ ಆಗಿರಲು ನಾಚಿಕೆಪಡದ ಕಾಲ ಬಂದಿದೆ. ಇದು ಸಣ್ಣ ಮಾತಲ್ಲ. ಆದರೆ ಕಸೂತಿಯ ಆ ಗೋಪುರ ಅಂಟುಕಾಗದದ ಮೇಲೆ ಅಚ್ಚಾದದ್ದೆ, ಧಾರವಾಡದ ಕಡೆಯ ಹೆಣ್ಣುಮಗಳೊಬ್ಬಳು ಎಳೆ ಎಣಿಸಿ, ಗಂಟಿಲ್ಲದೆ, ಎರಡೂ ಬದಿ ಒಂದೇ ಕಾಣುವಂತೆ ಹಾಕಿದ ಗವಂತಿ ಹೊಲಿಗೆಯೆ? ಮೊದಲನೆಯದು ಗುರುತಿನ ಚಿತ್ರ. ಎರಡನೆಯದು ಗುರುತು.

ಆದ್ದರಿಂದ ನನ್ನ ಬೇಡಿಕೆ ಸರಳವಾಗಿದೆ. ಸರ್ಕಾರಿ ಕಟ್ಟಡಕ್ಕೆ ಬಿದರಿಯ ಫಲಕ ಹಾಕಿದರೆ ಅದರ ಕೆಳಗೆ ಉದ್ಘಾಟಿಸಿದವರ ಹೆಸರಿನ ಜೊತೆ ಕೊರೆದವರ ಹೆಸರೂ ಇರಲಿ. ಶಾಲೆ, ಪಂಚಾಯತಿಗಳಾದರೂ ಆಗಸ್ಟ್ ಹದಿನೈದಕ್ಕೆ ಖಾದಿ ಬಾವುಟವನ್ನೇ ಕೊಳ್ಳಲಿ. ಸನ್ಮಾನಕ್ಕೆ ಪ್ಲಾಸ್ಟಿಕ್ಕಿನ ಸ್ಮರಣಿಕೆ ಕೊಡುವ ಸಂಘಗಳು ಅದೇ ಹಣಕ್ಕೆ ಚನ್ನಪಟ್ಟಣದ ಅರಗಿನ ಬಟ್ಟಲು ಕೊಡಲಿ. ಕೊಳ್ಳುವಾಗ ನಾವು ಬೆಲೆ ಕೇಳುವುದರ ಜೊತೆಗೆ ಮಾಡಿದವರಾರು ಎಂದೂ ಕೇಳೋಣ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ, ಎರಡನೆಯ ಸಲ ಕೇಳುವವರು ಬರುವಷ್ಟರಲ್ಲಿ ಅವನು ತಿಳಿದುಕೊಂಡಿರುತ್ತಾನೆ. ದೇಶದ ಗುರುತು ಇನ್ನೂ ಬದಲಾಗುತ್ತದೆ, ಬದಲಾಗಲಿ. ಹೊಸ ಹೆಂಚು ಬರಲಿ, ಹೊಸ ಬಿದಿರು ಬರಲಿ. ಬದಲಾಯಿಸುವ ಕೈಗಳು ಇಲ್ಲಿ ಊಟ ಮಾಡಿಕೊಂಡು, ತಲೆಯೆತ್ತಿಕೊಂಡು ಬದುಕುವ ಕೈಗಳಾಗಿರಲಿ.